ಅದಮಾರಿನ ರಾಯರು, ಪೀಣ್ಯದ ಶೆಡ್ಡುಗಳು

1971ರ ಡಿಸೆಂಬರ್ 30ರಂದು ಕೇರಳದ ಕೋವಳಂನಲ್ಲಿ ವಿಕ್ರಮ್ ಸಾರಾಭಾಯಿ ಹೃದಯಾಘಾತದಿಂದ ತೀರಿಕೊಂಡರು. ಅವರಿಗಿನ್ನೂ 52 ವರ್ಷ. ಇಸ್ರೋ ಹುಟ್ಟಿ ಎರಡೂವರೆ ವರ್ಷವೂ ತುಂಬಿರಲಿಲ್ಲ. ತುಂಬಾ ಎಂಬ ಮೀನುಗಾರರ ಹಳ್ಳಿಯಿಂದ ಸಣ್ಣ ರಾಕೆಟ್ಟುಗಳು ಹಾರುತ್ತಿದ್ದವು, ಶ್ರೀಹರಿಕೋಟೆಯಲ್ಲಿ ಕೆಲಸ ಆಗಷ್ಟೇ ಶುರುವಾಗಿತ್ತು. ಉಪಗ್ರಹ ಮಾತ್ರ ಕಾಗದದ ಮೇಲಿತ್ತು. ಆ ಕಾಗದವನ್ನು ಬರೆದವರು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಪ್ರಾಧ್ಯಾಪಕರೊಬ್ಬರು. ಹೆಸರು ಉಡುಪಿ ರಾಮಚಂದ್ರ ರಾವ್. ಗುರು ಹೋದರು, ಯೋಜನೆ ಶಿಷ್ಯನ ಕೈಯಲ್ಲಿ ಉಳಿಯಿತು. ಅದನ್ನು ಕಟ್ಟಲು ಬೇಕಾದ ಕಟ್ಟಡ, ಯಂತ್ರ, ಜನ ಯಾವುದೂ ಇರಲಿಲ್ಲ. ಮೂರೂಕಾಲು ವರ್ಷದ ಬಳಿಕ ಆರ್ಯಭಟ ಎಂಬ ಆ ಉಪಗ್ರಹ ಭೂಮಿಯನ್ನು ಸುತ್ತುತ್ತಿತ್ತು.

ಈ ಮೂರೂಕಾಲು ವರ್ಷಗಳಲ್ಲಿ ಏನಾಯಿತು ಎಂಬುದು ನಮ್ಮ ವ್ಯೋಮ ತಂತ್ರಜ್ಞಾನದ ಚರಿತ್ರೆಯ ಅತಿ ಮುಖ್ಯ ಅಧ್ಯಾಯ ಎಂದು ನಾನು ನಂಬುತ್ತೇನೆ. ಅದರ ನಂತರ ಬಂದ ದೊಡ್ಡ ದೊಡ್ಡ ಯಶಸ್ಸುಗಳು ಅದರ ಮುಂದುವರಿಕೆ ಮಾತ್ರ.

ಅದಮಾರು ಈಗ ಕಾಪು ತಾಲೂಕಿನಲ್ಲಿದೆ. ಹೆದ್ದಾರಿಯಲ್ಲಿ ಕಾಪುವಿನಿಂದ ಪಡುಬಿದ್ರಿಯ ಕಡೆಗೆ ಹೋಗುವಾಗ ಎರ್ಮಾಳಿನಲ್ಲಿ ಪೂರ್ವಕ್ಕೆ ತಿರುಗಿದರೆ ಸಿಗುವ ಊರು. ಉಡುಪಿಯ ಅಷ್ಟಮಠಗಳಲ್ಲೊಂದಾದ ಅದಮಾರು ಮಠಕ್ಕೆ ಹೆಸರು ಕೊಟ್ಟ ಊರು ಎಂದೇ ಹೆಚ್ಚಿನವರಿಗೆ ಇದರ ಪರಿಚಯ. 1932ರ ಮಾರ್ಚ್ 10ರಂದು ಲಕ್ಷ್ಮೀನಾರಾಯಣ ಆಚಾರ್ಯ ಮತ್ತು ಕೃಷ್ಣವೇಣಿಯಮ್ಮನವರ ಮಗ ಇಲ್ಲಿ ಹುಟ್ಟಿದಾಗ ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತ್ಯದ ಒಂದು ಜಿಲ್ಲೆ. ಪ್ರಾಥಮಿಕ ಶಾಲೆ ಊರಿನಲ್ಲೇ ಆಯಿತು, ಹೈಸ್ಕೂಲು ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ. ಅಲ್ಲಿಂದಾಚೆ ಓದಬೇಕೆಂದರೆ ಊರು ಬಿಡಲೇಬೇಕಿತ್ತು. ಉಡುಪಿಯ ಮಹಾತ್ಮ ಗಾಂಧಿ ಮೆಮೋರಿಯಲ್ ಕಾಲೇಜು ಬಾಗಿಲು ತೆರೆದದ್ದು 1949ರಲ್ಲಿ. ಮಣಿಪಾಲದ ಎಂಜಿನಿಯರಿಂಗ್ ಕಾಲೇಜು ಬಂದದ್ದು ಇನ್ನೂ ಎಂಟು ವರ್ಷ ತಡವಾಗಿ. ಬಜಪೆಯಲ್ಲಿ ವಿಮಾನ ಇಳಿಯತೊಡಗಿದ್ದು 1951ರ ಕ್ರಿಸ್‌ಮಸ್ ದಿನ, ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದಾಗ. ಅಷ್ಟರಲ್ಲಿ ನಮ್ಮ ಹುಡುಗ ಕರಾವಳಿ ಬಿಟ್ಟು ಬಹಳ ದೂರ ಹೋಗಿಯಾಗಿತ್ತು: ಇಂಟರ್‌ಮೀಡಿಯೆಟ್‌ಗೆ ಬಳ್ಳಾರಿಯ ವೀರಶೈವ ಕಾಲೇಜು, ಬಿಎಸ್ಸಿಗೆ ಅನಂತಪುರದ ಸರಕಾರಿ ಕಾಲೇಜು, ಎಂಎಸ್ಸಿಗೆ ಕಾಶಿ.

ಆ ಕಾಲದ ಕರಾವಳಿಯ ಹುಡುಗರು ಊರು ಬಿಡುವುದು ಹೊಸದೇನಲ್ಲ. ಮುಂಬಯಿ, ಮದ್ರಾಸಿಗೆ ಹೋದವರು ಹೋಟೆಲು ತೆರೆದರು, ಊರಲ್ಲಿ ಉಳಿದವರು ಬ್ಯಾಂಕು ಕಟ್ಟಿದರು. ಎರಡಕ್ಕೂ ಮೊದಲು ಹೋದವರ ಹಾದಿಯಿತ್ತು, ನೆಂಟರ ಕೈಯಿತ್ತು. ವಿಶ್ವಕಿರಣಗಳ ಸಂಶೋಧನೆಗೆ ಅಂಥ ಹಾದಿ ಇರಲಿಲ್ಲ. ಕಾಶಿಯ ನಂತರ ರಾಯರು ಅಹಮದಾಬಾದಿಗೆ ಹೋಗಿ ಸಾರಾಭಾಯಿಯವರ ಕೈಕೆಳಗೆ ಸಂಶೋಧನಾ ವಿದ್ಯಾರ್ಥಿಯಾದರು. ಬಾಹ್ಯಾಕಾಶದಿಂದ ಭೂಮಿಗೆ ಬೀಳುವ ವಿಶ್ವಕಿರಣಗಳ ತೀವ್ರತೆ ಕಾಲಕಾಲಕ್ಕೆ ಏಕೆ ಬದಲಾಗುತ್ತದೆ ಎಂಬುದು ವಿಷಯ. ಸೂರ್ಯನಿಗೂ ಈ ಏರಿಳಿತಕ್ಕೂ ನಂಟಿದೆ ಎಂಬ ಗುಮಾನಿ ಇತ್ತು. ಆ ನಂಟನ್ನು ನೆಲದ ಮೇಲೆ ಕೂತು ಪೂರ್ತಿ ಬಿಡಿಸುವುದು ಸಾಧ್ಯವಿರಲಿಲ್ಲ. 1960ರಲ್ಲಿ ಡಾಕ್ಟರೇಟ್ ಪದವಿ ಬಂತು, ಮರುವರ್ಷ ಅಮೆರಿಕ.

ರಾಯರ ವೃತ್ತಿಜೀವನದ ತಿರುವು ಇಲ್ಲಿದೆ. ಎಂಐಟಿಯಲ್ಲಿ ಅವರು ಸೇರಿಕೊಂಡ ಮರುವರ್ಷ ಮರಿನರ್-2 ನೌಕೆ ಶುಕ್ರಗ್ರಹದತ್ತ ಸಾಗುತ್ತ ಸೂರ್ಯನಿಂದ ಹೊರಬೀಳುವ ವಿದ್ಯುದಾವೇಶಿತ ಕಣಗಳ ಪ್ರವಾಹವನ್ನು ಅಳೆಯಿತು. ಈ ಪ್ರವಾಹ, ಎಂದರೆ ಸೌರಮಾರುತ, ಬಿಟ್ಟು ಬಿಟ್ಟು ಬೀಸುವುದಲ್ಲ, ನಿರಂತರವಾಗಿ ಹರಿಯುವಂಥದು ಎಂದು ಆ ಅಳತೆಗಳು ತೋರಿಸಿದವು. ಅದರ ವೇಗಕ್ಕೂ ಭೂಮಿಯ ಅಯಸ್ಕಾಂತ ಕ್ಷೇತ್ರದ ಕ್ಷೋಭೆಗೂ ಇರುವ ಸಂಬಂಧವನ್ನು ಹೇಳುವ 1963ರ ಪ್ರಬಂಧದಲ್ಲಿ ಕಾನ್ವೇ ಸ್ನೈಡರ್, ಮಾರ್ಸಿಯಾ ನ್ಯೂಗೆಬೌಯರ್ ಜೊತೆಗೆ ರಾಯರ ಹೆಸರಿದೆ. ಆಮೇಲೆ ಡಲ್ಲಾಸಿಗೆ ಹೋದರು. ಅಲ್ಲಿ ಪಯೋನಿಯರ್ ಸರಣಿಯ ನೌಕೆಗಳಿಗೆ ವಿಶ್ವಕಿರಣ ಉಪಕರಣಗಳನ್ನು ಕಟ್ಟಿದರು. ಪಯೋನಿಯರ್-6 ಹಾರಿದ್ದು 1965ರ ಡಿಸೆಂಬರ್ 16ರಂದು. ತನ್ನ ಅಕ್ಷದ ಸುತ್ತ ತಿರುಗುತ್ತಲೇ ಸೂರ್ಯನನ್ನು ಸುತ್ತಿದ ನೌಕೆ ಅದು. ಉಪಕರಣವೂ ಅದರೊಡನೆ ತಿರುಗುತ್ತಿದ್ದುದರಿಂದ ಯಾವ ದಿಕ್ಕಿನಿಂದ ಎಷ್ಟು ಕಣಗಳು ಬರುತ್ತಿವೆ ಎಂದು ಲೆಕ್ಕ ಸಿಗುತ್ತಿತ್ತು.

ಉಪಗ್ರಹ ಕಟ್ಟುವ ಕೆಲಸವನ್ನು ಮುಂದೆ ಹೊತ್ತ ಮನುಷ್ಯ ಎಂಜಿನಿಯರ್ ಆಗಿರಲಿಲ್ಲ, ಭೌತವಿಜ್ಞಾನಿಯಾಗಿದ್ದರು ಎಂದು ಹಲವರು ಆಶ್ಚರ್ಯಪಡುತ್ತಾರೆ. ನನಗೆ ಅದು ಆಶ್ಚರ್ಯವೆನಿಸುವುದಿಲ್ಲ. ಬೇರೆಯವರ ನೌಕೆಯೊಳಗೆ ತನ್ನ ಉಪಕರಣವನ್ನು ಕೂರಿಸುವವನು ಗ್ರಾಂ ಲೆಕ್ಕದಲ್ಲಿ ತೂಕಕ್ಕಾಗಿ ಚೌಕಾಸಿ ಮಾಡಬೇಕು, ಮಿಲಿವಾಟ್ ಲೆಕ್ಕದಲ್ಲಿ ವಿದ್ಯುತ್ ಕೇಳಬೇಕು. ಹಾರಿದ ಮೇಲೆ ಒಂದು ತಿರುಪನ್ನೂ ಬಿಗಿಯಲಾಗದು ಎಂಬುದನ್ನು ನೆನಪಿನಲ್ಲಿಟ್ಟು ಪ್ರತಿ ಬೆಸುಗೆಯನ್ನೂ ಪರೀಕ್ಷಿಸಬೇಕು. ಉಪಗ್ರಹ ತನ್ನ ಉಪಕರಣಕ್ಕೆ ಏನು ಕೊಡಬೇಕು, ಎಲ್ಲಿ ಕೈಕೊಡಬಹುದು ಎಂಬುದು ಆ ಬಾಡಿಗೆದಾರನಿಗೆ ಚೆನ್ನಾಗಿ ಗೊತ್ತಿರುತ್ತದೆ. 1966ರಲ್ಲಿ ರಾಯರು ಅಹಮದಾಬಾದಿಗೆ ವಾಪಸಾದಾಗ ಅವರ ಕೈಯಲ್ಲಿದ್ದ ಬಂಡವಾಳ ಇದೇ. ಆ ಹೊತ್ತಿಗೆ ಈ ದೇಶದಲ್ಲಿ ಅದು ಬಹಳ ವಿರಳವಾದ ಬಂಡವಾಳ.

ಸಾರಾಭಾಯಿ ಅದನ್ನು ಗುರುತಿಸಿದರು. ಭಾರತದ ಉಪಗ್ರಹ ಕಾರ್ಯಕ್ರಮದ ರೂಪುರೇಷೆ ತಯಾರಿಸಲು ಶಿಷ್ಯನಿಗೆ ಹೇಳಿದರು. ಉಡಾಯಿಸಲು ರಾಕೆಟ್ ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಉತ್ತರ ಮಾಸ್ಕೋದಿಂದ ಬಂತು. 1971ರಲ್ಲಿ ಅಲ್ಲಿನ ನಮ್ಮ ರಾಯಭಾರಿ ಡಿ. ಪಿ. ಧರ್ ಅವರ ಮೂಲಕ ಸೋವಿಯತ್ ವಿಜ್ಞಾನ ಅಕಾಡೆಮಿ ನೆರವಿನ ಸೂಚನೆ ಕೊಟ್ಟಿತು. ಹಿಂದಿನ ವರ್ಷದ ಏಪ್ರಿಲ್‌ನಲ್ಲಿ ಚೀನಾ ತನ್ನ ಮೊದಲ ಉಪಗ್ರಹವನ್ನು ಹಾರಿಸಿತ್ತು, ತೂಕ 173 ಕಿಲೋ. ಭಾರತದ ಉಪಗ್ರಹ ಅದಕ್ಕಿಂತ ಭಾರವಾಗಿರಲಿ ಎಂಬುದು ಸೋವಿಯತ್ ಕಡೆಯ ಇಂಗಿತವಾಗಿತ್ತೆಂದು ರಾಯರೇ ಮುಂದೆ ಹೇಳಿಕೊಂಡಿದ್ದಾರೆ. ಅಂದಿನ ರಾಜಕೀಯಕ್ಕೆ ಅದು ಸಹಜ. ಆದರೆ ತಂತ್ರಜ್ಞರಿಗೆ ಅದರ ಅರ್ಥ ಬೇರೆ. ಪುಟ್ಟ ಉಪಗ್ರಹದಿಂದ ಆರಂಭಿಸಿ ನಿಧಾನ ಕಲಿಯುವ ಅವಕಾಶ ತಪ್ಪಿಹೋಯಿತು. ಮೊದಲ ಪ್ರಯತ್ನವೇ 360 ಕಿಲೋ ತೂಗುವ ಉಪಗ್ರಹ.

ಸಾರಾಭಾಯಿಯವರ ನಿಧನದಿಂದ ಕೆಲಸ ನಿಲ್ಲದಂತೆ ನೋಡಿಕೊಂಡವರು ಎಂ. ಜಿ. ಕೆ. ಮೆನನ್. ಕೆಲವು ತಿಂಗಳ ಮಟ್ಟಿಗೆ ಇಸ್ರೋವನ್ನು ನಡೆಸಿದ ಅವರೇ 1972ರ ಮೇ 10ರಂದು ಸೋವಿಯತ್ ಅಕಾಡೆಮಿಯ ಜೊತೆಗಿನ ಒಪ್ಪಂದಕ್ಕೆ ಸಹಿ ಹಾಕಿದರು. ಅಧ್ಯಕ್ಷ ಸ್ಥಾನಕ್ಕೆ ಇಂದಿರಾ ಗಾಂಧಿ ಆರಿಸಿದ್ದು ಸತೀಶ್ ಧವನ್ ಅವರನ್ನು. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಹುದ್ದೆಯನ್ನು ಬಿಡುವುದಿಲ್ಲ, ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು ಎಂಬ ಷರತ್ತುಗಳೊಂದಿಗೆ ಅವರು ಒಪ್ಪಿಕೊಂಡರು. ವಿಮಾನ ಕಾರ್ಖಾನೆ 1940ರಿಂದಲೇ ಬೆಂಗಳೂರಿನಲ್ಲಿತ್ತು. ವಿಜ್ಞಾನ ಸಂಸ್ಥೆ, ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಭಾರತ್ ಎಲೆಕ್ಟ್ರಾನಿಕ್ಸ್ ಎಲ್ಲವೂ ಒಂದೇ ಊರಲ್ಲಿ. ಧವನ್ ಅವರ ಹಟ ಕರ್ನಾಟಕಕ್ಕೆ ಎಷ್ಟು ದೊಡ್ಡ ಕೊಡುಗೆಯಾಯಿತು ಎಂಬುದನ್ನು ನಾವು ಸಾಕಷ್ಟು ನೆನೆಯುವುದಿಲ್ಲ. ಅಹಮದಾಬಾದಿನಿಂದ ತನ್ನ ಸಣ್ಣ ತಂಡದೊಂದಿಗೆ ಕನ್ನಡನಾಡಿಗೆ ಮರಳಿದ ರಾಯರಿಗೆ ಆಗ ನಲವತ್ತು ವರ್ಷ.

ಪೀಣ್ಯ ಆಗ ಊರ ಹೊರಗಿನ ಹೊಸ ಕೈಗಾರಿಕಾ ಪ್ರದೇಶ. ಸಣ್ಣ ಕಾರ್ಖಾನೆಗಳಿಗೆಂದು ಕಟ್ಟಿದ, ಆಸ್ಬೆಸ್ಟಾಸ್ ಹೊದಿಸಿದ ಶೆಡ್ಡುಗಳನ್ನು ಉಪಗ್ರಹ ಯೋಜನೆ ಬಾಡಿಗೆಗೆ ಹಿಡಿಯಿತು. ಉಪಗ್ರಹದ ಭಾಗಗಳನ್ನು ಜೋಡಿಸುವ ಕೋಣೆಯಲ್ಲಿ ಧೂಳಿನ ಕಣವಿರಬಾರದು, ತೇವ ಹದ್ದು ಮೀರಬಾರದು, ಉಷ್ಣತೆ ಏರುಪೇರಾಗಬಾರದು. ಶೆಡ್ಡಿನೊಳಗೇ ಅಂಥ ಕೋಣೆಗಳನ್ನು ಕಟ್ಟಿಕೊಂಡರು. ಉಪಗ್ರಹದ ಹಂದರವನ್ನು ತಯಾರಿಸುವುದಕ್ಕೆ ವಿಮಾನ ಕಾರ್ಖಾನೆಯ ನುರಿತ ಕೈಗಳು ಹತ್ತಿರದಲ್ಲೇ ಇದ್ದವು. ವಿಮಾನದ ರೆಕ್ಕೆಗೆ ಅಲ್ಯೂಮಿನಿಯಂ ಹಾಳೆ ಬಾಗಿಸಿ ಪಳಗಿದ ಕುಶಲಕರ್ಮಿಗಳ ವಿದ್ಯೆ ಹೀಗೆ ಅಂತರಿಕ್ಷಕ್ಕೂ ಉಪಯೋಗಕ್ಕೆ ಬಂತು.

ಜನ ಯಾರು? ಬಹುಪಾಲು ಆಗಷ್ಟೇ ಕಾಲೇಜು ಮುಗಿಸಿ ಬಂದ ಇಪ್ಪತ್ತರ ಹರೆಯದ ಎಂಜಿನಿಯರುಗಳು. ಉಪಗ್ರಹವನ್ನು ಚಿತ್ರದಲ್ಲಲ್ಲದೆ ಕಣ್ಣಾರೆ ಕಂಡವರು ಬೆರಳೆಣಿಕೆಯಷ್ಟು. ಅಹಮದಾಬಾದಿನಿಂದ ಬಂದ ಕಸ್ತೂರಿರಂಗನ್ ಎಕ್ಸ್‌ರೇ ಖಗೋಳದ ಪ್ರಯೋಗವನ್ನು ನೋಡಿಕೊಂಡರು. ಉಪಗ್ರಹವನ್ನು ತಿರುಗಿಸಿ ಸ್ಥಿರವಾಗಿಡುವ ವ್ಯವಸ್ಥೆ ಪಿ. ಎಸ್. ಗೋಯಲ್ ಅವರ ಪಾಲಿಗೆ ಬಂತು. ಹೀಗೆ ಒಬ್ಬೊಬ್ಬ ತರುಣನಿಗೆ ಒಂದೊಂದು ಅಂಗವನ್ನು ಪೂರ್ತಿಯಾಗಿ ಒಪ್ಪಿಸಿಬಿಟ್ಟರು. ಮೇಲಿನವರು ಲೆಕ್ಕ ಹಾಕಿಕೊಡುವುದು, ಕೆಳಗಿನವರು ಅದರಂತೆ ಮಾಡುವುದು ಎಂಬ ಕ್ರಮ ಅಲ್ಲಿ ನಡೆಯುವಂತಿರಲಿಲ್ಲ. ಮೇಲಿನವರಿಗೂ ಉತ್ತರ ಗೊತ್ತಿರಲಿಲ್ಲವಲ್ಲ. ಪರೀಕ್ಷೆಯಲ್ಲಿ ಸೋತ ಭಾಗವನ್ನು ಬಿಚ್ಚಿ, ಏಕೆ ಸೋತಿತೆಂದು ಹಿರಿಯ ಕಿರಿಯ ಎಂಬ ಭೇದವಿಲ್ಲದೆ ವಿಮರ್ಶಿಸಿ, ಮತ್ತೆ ಕಟ್ಟುವುದೇ ದಿನನಿತ್ಯದ ಪಾಠವಾಯಿತು. ಆ ತೆರೆದ ವಿಮರ್ಶೆಯ ಪದ್ಧತಿ ಇಸ್ರೋದಲ್ಲಿ ಬೇರು ಬಿಟ್ಟದ್ದಕ್ಕೆ ಧವನ್ ಅವರ ಹಿರಿತನ ಹೇಗೋ ಪೀಣ್ಯದ ಈ ಅನಿವಾರ್ಯವೂ ಹಾಗೆಯೇ ಕಾರಣ.

ಸಮಸ್ಯೆ ಎಂಥದು ಎಂಬುದನ್ನು ಸ್ವಲ್ಪ ವಿವರಿಸಬೇಕು. ಸುಮಾರು 600 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಕ್ಕೆ ಒಂದು ಪ್ರದಕ್ಷಿಣೆಗೆ 96 ನಿಮಿಷ ಬೇಕು. ಅಷ್ಟರಲ್ಲಿ ಅದು ಒಮ್ಮೆ ಉರಿಬಿಸಿಲಿಗೆ ಬಂದು, ಒಮ್ಮೆ ಭೂಮಿಯ ನೆರಳಿಗೆ ಹೋಗುತ್ತದೆ. ಗಾಳಿಯಿಲ್ಲದ ಕಡೆ ಬಿಸಿ ಹರಡುವುದಿಲ್ಲ. ಬಿಸಿಲು ಬಿದ್ದ ಮೈ ಕಾಯುತ್ತದೆ, ಬೀಳದ ಮೈ ಹೆಪ್ಪುಗಟ್ಟುತ್ತದೆ. ಒಳಗಿನ ಎಲೆಕ್ಟ್ರಾನಿಕ್ಸ್ ಮಾತ್ರ ನಮ್ಮ ಮನೆಯ ಕೋಣೆಯಷ್ಟು ಹಿತವಾದ ಉಷ್ಣತೆಯಲ್ಲೇ ಇರಬೇಕು. ಅದನ್ನು ಸಾಧಿಸುವುದು ಮೇಲ್ಮೈಯ ಬಣ್ಣ, ಲೇಪ ಮತ್ತು ತಿರುಗುವಿಕೆಯಿಂದ. ಆರ್ಯಭಟಕ್ಕೆ 26 ಮುಖಗಳಿದ್ದವು, ಅಡ್ಡಳತೆ ಸುಮಾರು 1.4 ಮೀಟರ್. ಮೇಲಿನ ಮತ್ತು ಕೆಳಗಿನ ಮುಖಗಳನ್ನು ಬಿಟ್ಟು ಉಳಿದ 24ಕ್ಕೂ ಸೌರಕೋಶ ಹೊದಿಸಿದ್ದರು. ಅದು ತಿರುಗುತ್ತಿರಲಿ, ಹೇಗೇ ವಾಲಲಿ, ಕೆಲವು ಮುಖಗಳಿಗಾದರೂ ಬಿಸಿಲು ಸಿಗುತ್ತಿತ್ತು. ಅವೆಲ್ಲ ಸೇರಿ ಕೊಟ್ಟ ಸರಾಸರಿ ವಿದ್ಯುತ್ತು 46 ವಾಟ್. ಹಳೆಯ ಕಾಲದ ಒಂದು ಬಲ್ಬಿಗೆ ಸಾಲುವಷ್ಟು ವಿದ್ಯುತ್ತಿನಲ್ಲಿ ಮೂರು ವೈಜ್ಞಾನಿಕ ಪ್ರಯೋಗ, ರೇಡಿಯೋ, ನಿಯಂತ್ರಣ ಎಲ್ಲವೂ ನಡೆಯಬೇಕಿತ್ತು. ಸೌರಕೋಶ, ಬ್ಯಾಟರಿ, ದತ್ತಾಂಶ ದಾಖಲಿಸುವ ಟೇಪ್ ರೆಕಾರ್ಡರ್, ಉಷ್ಣ ನಿಯಂತ್ರಣದ ಬಣ್ಣಗಳು, ತಿರುಗಿಸುವ ಅನಿಲದ ಬುಡ್ಡಿಗಳು ಸೋವಿಯತ್ ಕಡೆಯಿಂದ ಬಂದವು. ಮಿಕ್ಕದ್ದರ ವಿನ್ಯಾಸ, ತಯಾರಿ, ಪರೀಕ್ಷೆ ನಮ್ಮದು. ಪ್ರಯೋಗಗಳಲ್ಲಿ ಒಂದು ಇಸ್ರೋದ್ದು, ಒಂದು ಅಹಮದಾಬಾದಿನದು, ಒಂದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯದು. ಸೋವಿಯತ್ ತಂಡವನ್ನು ಮುನ್ನಡೆಸಿದ ವ್ಯಾಚೆಸ್ಲಾವ್ ಕೋವ್ತುನೆಂಕೊ ದೊಡ್ಡ ವಿನ್ಯಾಸಕರು. ಆದರೂ ತಪ್ಪು ತಿದ್ದುವ ಕೆಲಸ ಪೀಣ್ಯದಲ್ಲೇ ಆಗಬೇಕಿತ್ತು.

ಜಾಗ ಸಾಲದೆ ಶೌಚಾಲಯವೊಂದನ್ನೇ ಉಪಗ್ರಹದ ಸಂಕೇತ ಸ್ವೀಕರಿಸುವ ಕೇಂದ್ರವಾಗಿ ಮಾರ್ಪಡಿಸಿದ ಕತೆಯನ್ನು ಬಹಳ ಜನ ಬಲ್ಲರು. ಅದನ್ನು ನಮ್ಮ ಬಡತನದ ಕತೆಯಾಗಿ ಹೇಳುವುದು ರೂಢಿ. ನಾನು ಅದನ್ನು ಅವಸರದ ಕತೆಯಾಗಿ ಓದುತ್ತೇನೆ. ಹೊಸ ಕಟ್ಟಡಕ್ಕೆ ಮಂಜೂರಾತಿ, ಟೆಂಡರು, ಅಡಿಪಾಯ ಎಂದು ಹೊರಟಿದ್ದರೆ ಆರ್ಯಭಟ ಎಷ್ಟು ವರ್ಷ ಹಿಂದೆ ಬೀಳುತ್ತಿತ್ತೋ. ರಾಯರಿಗೆ ದಿನಾಂಕವೊಂದು ಮುಂದಿತ್ತು, ಕೈಗೆ ಸಿಕ್ಕಿದ ಕೋಣೆಯನ್ನು ಬಳಸಿದರು. ಗಡುವಿಗೆ ಅವರು ಕೊಟ್ಟ ಮರ್ಯಾದೆ ಅವರ ಇಡೀ ವೃತ್ತಿಜೀವನದಲ್ಲಿ ಕಾಣುತ್ತದೆ.

ಉಪಗ್ರಹ ಸಿದ್ಧವಾದಾಗ ಹೆಸರಿನ ಪ್ರಶ್ನೆ ಬಂತು. ಮೈತ್ರಿ, ಜವಾಹರ್, ಆರ್ಯಭಟ ಎಂಬ ಮೂರು ಹೆಸರುಗಳು ಇಂದಿರಾ ಗಾಂಧಿಯವರ ಮುಂದೆ ಹೋದವು. ಅವರು ಐದನೇ ಶತಮಾನದಲ್ಲಿ ಹುಟ್ಟಿದ ಖಗೋಳಜ್ಞನನ್ನು ಆರಿಸಿದರು. ತಂದೆಯ ಹೆಸರು ಪಟ್ಟಿಯಲ್ಲಿದ್ದೂ ಅದನ್ನು ಬದಿಗಿಟ್ಟದ್ದು ಇಲ್ಲಿ ನೆನೆಯಬೇಕಾದ ಸಂಗತಿ.

1975ರ ಏಪ್ರಿಲ್ 19. ವೋಲ್ಗಾ ನದಿಯ ಬಳಿಯ ಕಪುಸ್ತಿನ್ ಯಾರ್ ಉಡಾವಣಾ ನೆಲೆ. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಕಾಸ್ಮೋಸ್-3ಎಂ ರಾಕೆಟ್ ಮೇಲೆದ್ದಿತು. ಕಕ್ಷೆ ಸೇರಿದ ಆರ್ಯಭಟ ಅನಿಲ ಚಿಮ್ಮಿಸಿ ತಿರುಗತೊಡಗಿತು, ಸಂಕೇತ ಕಳುಹಿಸಿತು. ಒಪ್ಪಂದಕ್ಕೆ ಸಹಿ ಬಿದ್ದು ಮೂರು ವರ್ಷ ತುಂಬಲು ಇನ್ನೂ ಮೂರು ವಾರ ಬಾಕಿ ಇತ್ತು.

ನಾಲ್ಕೈದು ದಿನ ಕಳೆಯುವಷ್ಟರಲ್ಲಿ ವಿದ್ಯುತ್ ಪೂರೈಕೆಯಲ್ಲಿ ದೋಷ ಕಾಣಿಸಿಕೊಂಡು ವೈಜ್ಞಾನಿಕ ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ಇದನ್ನು ಮುಚ್ಚಿಟ್ಟು ಆರ್ಯಭಟದ ಕತೆ ಹೇಳುವುದು ಸರಿಯಲ್ಲ. ಎಕ್ಸ್‌ರೇ, ಸೌರ ಭೌತವಿಜ್ಞಾನ, ವಾಯುಮಂಡಲದ ಅಯಾನು ಪದರ, ಈ ಮೂರು ಪ್ರಯೋಗಗಳಿಂದ ವಿಜ್ಞಾನಕ್ಕೆ ದಕ್ಕಿದ್ದು ಕಡಿಮೆ. ಸ್ವತಃ ವಿಶ್ವಕಿರಣ ವಿಜ್ಞಾನಿಯಾಗಿದ್ದ ರಾಯರಿಗೆ ಈ ನಷ್ಟ ಎಷ್ಟು ತಟ್ಟಿರಬಹುದೆಂದು ಊಹಿಸಬಲ್ಲೆ. ಆದರೆ ಉಪಗ್ರಹದ ಒಡಲು ಬದುಕಿತ್ತು. ಅದರ ಮೂಲ ವ್ಯವಸ್ಥೆಗಳು 1981ರ ಮಾರ್ಚ್ ತನಕ ಕೆಲಸ ಮಾಡಿದವು. 1992ರ ಫೆಬ್ರವರಿಯಲ್ಲಿ ಅದು ವಾತಾವರಣಕ್ಕೆ ಮರಳಿ ಉರಿದುಹೋಯಿತು. ಅದರ ಚಿತ್ರ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ವರ್ಷಗಟ್ಟಲೆ ಸಂತೆಯಿಂದ ಸಂತೆಗೆ ತಿರುಗಾಡಿತು. ಮೊದಲ ಉಪಗ್ರಹದಲ್ಲಿ ಉಪಕರಣ ಸೋತು ಒಡಲು ಗೆದ್ದದ್ದರಿಂದ ಪೀಣ್ಯದ ಹುಡುಗರಿಗೆ ಎರಡು ವಿಷಯ ಖಚಿತವಾದವು: ಉಪಗ್ರಹ ಕಟ್ಟಲು ತಮಗೆ ಬರುತ್ತದೆ, ವಿದ್ಯುತ್ ವ್ಯವಸ್ಥೆಯನ್ನು ಇನ್ನೂ ಗಟ್ಟಿಯಾಗಿ ಕಲಿಯಬೇಕಿದೆ.

ಆರ್ಯಭಟದ ನಂತರದ ಉಪಗ್ರಹಗಳನ್ನು ನಾನು ಒಂದರ ಹಿಂದೊಂದು ಬರೆದುಕೊಂಡು ಹೋಗುವುದಿಲ್ಲ. ಎರಡನ್ನು ಮಾತ್ರ ಹೇಳುತ್ತೇನೆ.

ಭಾಸ್ಕರ-1 ಹಾರಿದ್ದು 1979ರ ಜೂನ್ 7ರಂದು. ನೆಲ, ಕಾಡು, ನೀರನ್ನು ಮೇಲಿನಿಂದ ನೋಡಲು ಅದರಲ್ಲಿ ಟಿವಿ ಕ್ಯಾಮೆರಾಗಳಿದ್ದವು, ಸಮುದ್ರದ ಮೇಲಿನ ತೇವ ಅಳೆಯಲು ಸೂಕ್ಷ್ಮತರಂಗ ಉಪಕರಣವಿತ್ತು. ಕ್ಯಾಮೆರಾ ಚಾಲೂ ಮಾಡುವುದರಲ್ಲಿ ತೊಂದರೆಯಾಯಿತು. ಒಳಗೆ ಸಿಕ್ಕಿಹಾಕಿಕೊಂಡ ಅನಿಲದಿಂದಾಗಿ ಅಧಿಕ ವೋಲ್ಟೇಜಿನ ಮಂಡಲದಲ್ಲಿ ಕಿಡಿ ಹಾರುವ ಅಪಾಯ. ಹಟ ಹಿಡಿದು ಚಾಲೂ ಮಾಡಿದ್ದರೆ ಕ್ಯಾಮೆರಾ ಸುಟ್ಟೇಹೋಗುತ್ತಿತ್ತು. ಅನಿಲ ತಾನಾಗಿ ನಿರ್ವಾತಕ್ಕೆ ಸೋರಿಹೋಗಲಿ ಎಂದು ಹೆಚ್ಚುಕಡಿಮೆ ಒಂದು ವರ್ಷ ಕಾದರು. ಆಮೇಲೆ ಕ್ಯಾಮೆರಾ ಕಣ್ಣು ತೆರೆಯಿತು. ಗಡುವಿಗಾಗಿ ಶೌಚಾಲಯವನ್ನೂ ಬಿಡದೆ ಬಳಸಿಕೊಂಡ ಅದೇ ತಂಡಕ್ಕೆ ಕಾಯುವುದೂ ಗೊತ್ತಿತ್ತು.

ಎರಡನೆಯದು ಆ್ಯಪಲ್. ಫ್ರೆಂಚ್ ಗಯಾನಾದ ಕೂರೂನಿಂದ ಹಾರುವ ಏರಿಯಾನ್ ರಾಕೆಟ್ಟಿನ ಪರೀಕ್ಷಾ ಹಾರಾಟದಲ್ಲಿ ಪುಕ್ಕಟೆ ಜಾಗ ಕೊಡುತ್ತೇವೆ ಎಂದು ಯುರೋಪಿನ ಬಾಹ್ಯಾಕಾಶ ಸಂಸ್ಥೆ ಹೇಳಿದಾಗ ಭಾರತ ಮುಂದೆ ಬಂತು. ಭೂಮಿಯಿಂದ 36,000 ಕಿಲೋಮೀಟರ್ ಎತ್ತರದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಸಂಪರ್ಕ ಉಪಗ್ರಹ. ಅಷ್ಟು ದೂರ ಹೋಗಲು ಬೇಕಾದ ಮೋಟರನ್ನು ನಮ್ಮದೇ ಎಸ್‌ಎಲ್‌ವಿ-3 ರಾಕೆಟ್ಟಿನ ನಾಲ್ಕನೇ ಹಂತದಿಂದ ರೂಪಿಸಿದರು. ಯೋಜನೆಯ ನಿರ್ದೇಶಕರು ಆರ್. ಎಂ. ವಾಸಗಂ. 1981ರ ಜೂನ್ 19ರಂದು ಹಾರಿತು. ಒಂದು ಸೌರಫಲಕ ಬಿಚ್ಚಿಕೊಳ್ಳಲಿಲ್ಲ, ಆದರೂ ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿಯಿತು. ಎತ್ತಿನಗಾಡಿಯ ಮೇಲೆ ಉಪಗ್ರಹವನ್ನಿಟ್ಟ ಚಿತ್ರ ಜಗತ್ತೆಲ್ಲ ನೋಡಿದ್ದು ಇದರದೇ. ಆ ಚಿತ್ರವನ್ನು ಕಂಡು ಅಯ್ಯೋ ಪಾಪ ಎಂದವರೂ ಇದ್ದಾರೆ, ಎದೆಯುಬ್ಬಿಸಿದವರೂ ಇದ್ದಾರೆ. ಕಾರಣ ಮಾತ್ರ ಭೌತವಿಜ್ಞಾನದ್ದು. ಆಂಟೆನಾ ಪರೀಕ್ಷೆಗೆ ಲೋಹದ ವಾಹನ ಬೇಡ, ಅದರ ಮೈಯಿಂದ ರೇಡಿಯೋ ತರಂಗಗಳು ಚದುರಿ ಅಳತೆ ಕೆಡುತ್ತದೆ. ಮರದ ಗಾಡಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಇದಕ್ಕಾಗಿ ವಿಶೇಷ ವಾಹನ ತಯಾರಿಸುವ ಬದಲು ಗಾಡಿಯೊಂದನ್ನು ಬಾಡಿಗೆಗೆ ತಂದರು.

1984ರಲ್ಲಿ ಧವನ್ ನಿವೃತ್ತರಾದಾಗ ಇಸ್ರೋದ ಹೊಣೆ ರಾಯರ ಹೆಗಲಿಗೆ ಬಂತು. ಮುಂದಿನ ಹತ್ತು ವರ್ಷ ಅವರು ಅಧ್ಯಕ್ಷರು. ಉಪಗ್ರಹದ ಮನುಷ್ಯನ ಎದುರಿಗೆ ಈಗ ರಾಕೆಟ್ಟಿನ ಲೋಕ ಬಂದು ನಿಂತಿತು. ಅದು ಅವರನ್ನು ಗೋಳಾಡಿಸಿತು. 1987ರ ಮಾರ್ಚ್ 24ರಂದು ಶ್ರೀಹರಿಕೋಟೆಯಿಂದ ಹೊರಟ ಮೊದಲ ಎಎಸ್‌ಎಲ್‌ವಿಯ ಪಕ್ಕದ ಮೋಟರುಗಳು ಉರಿದು ಮುಗಿದರೂ ನಡುವಿನ ಮೋಟರು ಹೊತ್ತಿಕೊಳ್ಳಲೇ ಇಲ್ಲ. 1988ರ ಜುಲೈ 13ರಂದು ಎರಡನೆಯದು ಗಾಳಿಯಲ್ಲೇ ತುಂಡಾಯಿತು. ಎರಡೂ ಬಂಗಾಳ ಕೊಲ್ಲಿಗೆ. ವ್ಯಂಗ್ಯಚಿತ್ರಗಳು ಬಂದವು, ಸಂಸತ್ತಿನಲ್ಲಿ ಪ್ರಶ್ನೆಗಳೆದ್ದವು. ಅಧ್ಯಕ್ಷನೊಬ್ಬನಿಗೆ ಇಂಥ ಹೊತ್ತಿನಲ್ಲಿ ಇರುವ ಸುಲಭದ ದಾರಿ ಯಾರನ್ನಾದರೂ ಹೊಣೆ ಮಾಡಿ ಹೊರಗೆ ಕಳಿಸುವುದು. ಇಸ್ರೋ ಪೀಣ್ಯದಲ್ಲಿ ಕಲಿತದ್ದನ್ನೇ ಮಾಡಿತು: ದೋಷವನ್ನು ಹುಡುಕಿತು, ಪಕ್ಕದ ಮೋಟರು ನಂದಿ ನಡುವಿನದು ಹೊತ್ತುವ ಆ ಕೆಲವು ಕ್ಷಣಗಳಲ್ಲಿ ರಾಕೆಟ್ಟಿನ ಹಿಡಿತ ತಪ್ಪುತ್ತಿರುವುದನ್ನು ಕಂಡುಕೊಂಡಿತು, ವಿನ್ಯಾಸ ತಿದ್ದಿತು. ನಾಲ್ಕು ವರ್ಷದ ಬಿಡುವಿನ ಬಳಿಕ 1992ರ ಮೇ 20ರಂದು ಮೂರನೆಯದು ಗುರಿ ಮುಟ್ಟಿತು.

ಅದೇ ತಿಂಗಳು ಅಮೆರಿಕ ಇಸ್ರೋದ ಮೇಲೆ ದಿಗ್ಬಂಧನ ಹೇರಿತು. ಕ್ರಯೋಜೆನಿಕ್ ಎಂಜಿನನ್ನೂ ಅದರ ತಂತ್ರಜ್ಞಾನವನ್ನೂ ಕೊಡಲು ರಷ್ಯಾದ ಗ್ಲಾವ್‌ಕಾಸ್ಮೋಸ್ ಮಾಡಿಕೊಂಡ ಒಪ್ಪಂದ ಅದಕ್ಕೆ ಕಾರಣ. ದ್ರವ ಜಲಜನಕ ಮತ್ತು ದ್ರವ ಆಮ್ಲಜನಕದಿಂದ ನಡೆಯುವ ಎಂಜಿನನ್ನು ಕ್ಷಿಪಣಿಗೆ ಬಳಸುವುದು ತೀರ ಅನನುಕೂಲ. ಅಷ್ಟು ತಣ್ಣಗಿನ ಇಂಧನವನ್ನು ತುಂಬಿಸಿಟ್ಟುಕೊಂಡು ಯಾರೂ ಯುದ್ಧಕ್ಕೆ ಕಾಯುವುದಿಲ್ಲ. ಆದರೂ ಕ್ಷಿಪಣಿಯ ನೆಪ ಮುಂದಿಟ್ಟರು. 1993ರಲ್ಲಿ ರಷ್ಯಾ ತಂತ್ರಜ್ಞಾನ ಕೊಡುವುದರಿಂದ ಹಿಂದೆ ಸರಿದು ಎಂಜಿನುಗಳನ್ನಷ್ಟೇ ಕೊಡಲು ಒಪ್ಪಿತು. ಈ ಅನ್ಯಾಯದಿಂದ ನಮಗೆ ಆದ ವರ್ಷಗಳ ವಿಳಂಬವನ್ನು ನೆನೆದರೆ ಇಂದಿಗೂ ಬೇಸರವಾಗುತ್ತದೆ.

ರಾಯರ ಅವಧಿಯ ಗೆಲುವುಗಳು ಹೆಚ್ಚಾಗಿ ಅವರ ಹಳೆಯ ಮನೆಯಿಂದ, ಎಂದರೆ ಬೆಂಗಳೂರಿನ ಉಪಗ್ರಹ ಕೇಂದ್ರದಿಂದಲೇ ಬಂದವು. 1988ರ ಮಾರ್ಚ್ 17ರಂದು ಬೈಕನೂರಿನಿಂದ ಹಾರಿದ ಐಆರ್‌ಎಸ್-1ಎ ನಮ್ಮ ಬೆಳೆ, ಕಾಡು, ಅಂತರ್ಜಲ, ಬಂಜರುಗಳನ್ನು ನಾವೇ ಅಳೆಯುವ ಕಾಲವನ್ನು ತೆರೆಯಿತು. 1992ರ ಜುಲೈ 10ರಂದು ಹೊರಟ ಇನ್ಸಾಟ್-2ಎ ಪೂರ್ತಿಯಾಗಿ ಇಲ್ಲೇ ಕಟ್ಟಿದ್ದು. ಇನ್ಸಾಟ್-1 ಸರಣಿಯನ್ನು ಅಮೆರಿಕದ ಕಂಪನಿಯಿಂದ ಖರೀದಿಸಿದ್ದೆವು. ಸುಮಾರು ಎರಡು ಟನ್ ತೂಕದ ಉಪಗ್ರಹವನ್ನು ಆರ್ಯಭಟದ ಹದಿನೇಳು ವರ್ಷಕ್ಕೆ ಕಟ್ಟಿದವರಲ್ಲಿ ಪೀಣ್ಯದ ಶೆಡ್ಡಿನಲ್ಲಿ ಮೊದಲ ಬೆಸುಗೆ ಹಾಕಿದವರು ಹಲವರು. ಐಆರ್‌ಎಸ್ ಸರಣಿಯಲ್ಲೇ 1999ರಲ್ಲಿ ಬಂದ ಓಷನ್‌ಸ್ಯಾಟ್-1 ಕಡಲಿನ ಬಣ್ಣ ನೋಡಿ ಹಸಿರು ಪಾಚಿ ಎಲ್ಲಿ ದಟ್ಟವಾಗಿದೆ ಎಂದು ಹೇಳಿತು. ಪಾಚಿಯಿದ್ದಲ್ಲಿ ಮೀನು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇಂಥ ಚಿತ್ರಗಳಿಂದ ತಯಾರಿಸುವ ಮುನ್ಸೂಚನೆ ಮಲ್ಪೆಯಿಂದ ಹೊರಡುವ ದೋಣಿಗಳಿಗೂ ಸಲ್ಲುತ್ತದೆ. ಅಂತರಿಕ್ಷ ವಿಜ್ಞಾನದಿಂದ ಜನಸಾಮಾನ್ಯರಿಗೆ ಏನು ಲಾಭ ಎಂಬ ಪ್ರಶ್ನೆಯನ್ನು ಸಾರಾಭಾಯಿಯವರಿಗೂ ರಾಯರಿಗೂ ಮತ್ತೆ ಮತ್ತೆ ಕೇಳಿದರು. ನಮ್ಮ ಕಡಲಮಕ್ಕಳ ಮಟ್ಟಿಗೆ ಅದರ ಲಾಭ ಡೀಸೆಲ್ಲಿನ ಲೀಟರು ಲೆಕ್ಕದಲ್ಲೇ ತಿಳಿಯುತ್ತದೆ.

ಪಿಎಸ್‌ಎಲ್‌ವಿಯ ವಿಚಾರ ನನ್ನನ್ನು ಹೆಚ್ಚು ಕಾಡುತ್ತದೆ. ರಾಯರ ಕಾಲದಲ್ಲಿ ಬೆಳೆದ ಆ ರಾಕೆಟ್ 1993ರ ಸೆಪ್ಟೆಂಬರ್ 20ರಂದು ಮೊದಲ ಬಾರಿ ಹಾರಿತು. ಕೊನೆಯ ತನಕ ಹೆಚ್ಚುಕಡಿಮೆ ಎಲ್ಲವೂ ಸರಿಯಿದ್ದು, ತಂತ್ರಾಂಶದ ದೋಷದಿಂದ ಕಕ್ಷೆ ತಪ್ಪಿತು. 1994ರಲ್ಲಿ ರಾಯರು ನಿವೃತ್ತರಾದರು. ಅದೇ ವರ್ಷದ ಅಕ್ಟೋಬರ್ 15ರಂದು ಪಿಎಸ್‌ಎಲ್‌ವಿ ಗೆದ್ದಿತು. ಮುಂದೆ ಮೊದಲ ಚಂದ್ರಯಾನವನ್ನೂ ಮಂಗಳಯಾನವನ್ನೂ ಹೊತ್ತದ್ದು ಅದೇ ರಾಕೆಟ್. ಗೆದ್ದ ದಿನ ಅಧ್ಯಕ್ಷರ ಕುರ್ಚಿಯಲ್ಲಿದ್ದವರು ಪೀಣ್ಯದಲ್ಲಿ ರಾಯರ ಜೊತೆಗಿದ್ದ ಕಸ್ತೂರಿರಂಗನ್. ಸೋಲುಗಳನ್ನೆಲ್ಲ ತನ್ನ ಹೆಸರಿಗೆ ಬರೆಸಿಕೊಂಡು, ಗೆಲುವು ಬರುವ ಹೊತ್ತಿಗೆ ಕುರ್ಚಿ ಬಿಟ್ಟುಕೊಡುವ ಪಾಲು ರಾಯರದಾಯಿತು.

ನಿವೃತ್ತಿ ಎಂಬುದು ಹೆಸರಿಗೆ ಮಾತ್ರ. ಅಹಮದಾಬಾದಿನ ಪ್ರಯೋಗಾಲಯದ ಆಡಳಿತ ಮಂಡಳಿಯನ್ನು ಮುನ್ನಡೆಸಿದರು. ಕನ್ನಡದಲ್ಲಿ ವಿಜ್ಞಾನ ಹರಡುವ ಕೆಲಸಕ್ಕೂ ಇಳಿದ ಕರ್ನಾಟಕ ವಿಜ್ಞಾನ ಮತ್ತು ತಂತ್ರಜ್ಞಾನ ಅಕಾಡೆಮಿಗೆ ಮೊದಲ ಅಧ್ಯಕ್ಷರಾದರು. 2013ರಲ್ಲಿ ವಾಷಿಂಗ್ಟನ್ನಿನ ಸ್ಯಾಟಲೈಟ್ ಹಾಲ್ ಆಫ್ ಫೇಮ್‌ಗೆ ಸೇರಿದ ಮೊದಲ ಭಾರತೀಯ ಅವರು. 1976ರಲ್ಲಿ ಪದ್ಮಭೂಷಣ ಕೊಟ್ಟಿದ್ದ ದೇಶ 2017ರಲ್ಲಿ ಪದ್ಮವಿಭೂಷಣ ಕೊಟ್ಟಿತು. ಆ ವರ್ಷದ ಜುಲೈ 24ರಂದು ಬೆಂಗಳೂರಿನಲ್ಲಿ ತೀರಿಕೊಂಡರು, ವಯಸ್ಸು 85. ಮರುವರ್ಷ ಇಸ್ರೋದ ಉಪಗ್ರಹ ಕೇಂದ್ರಕ್ಕೆ ಯು. ಆರ್. ರಾವ್ ಉಪಗ್ರಹ ಕೇಂದ್ರ ಎಂದು ಹೆಸರಿಟ್ಟರು. ಅವರ ಹೆಸರಿನ ಮೊದಲ ಅಕ್ಷರದಲ್ಲಿರುವ ಉಡುಪಿ ಹೀಗೆ ಬೆಂಗಳೂರಿನ ಆ ಫಲಕದ ಮೇಲೂ ಕೂತಿದೆ.

ಕೊನೆಯ ವರ್ಷಗಳಲ್ಲಿ ಅವರು ಪಟ್ಟು ಹಿಡಿದು ಸಾಧಿಸಿದ ಸಂಗತಿಯೊಂದಿದೆ. ಸೂರ್ಯನನ್ನು ನೋಡುವ ಆದಿತ್ಯ ಎಂಬ ಸಣ್ಣ ಉಪಗ್ರಹವನ್ನು ಭೂಮಿಯ ಹತ್ತಿರದ ಕಕ್ಷೆಗೆ ಕಳಿಸುವ ಯೋಚನೆ ಇತ್ತು. ಅಲ್ಲಿ ಭೂಮಿ ಅಡ್ಡ ಬರುತ್ತದೆ, ಸೌರಮಾರುತವೂ ನೇರವಾಗಿ ಸಿಗುವುದಿಲ್ಲ. ಭೂಮಿಯಿಂದ ಸೂರ್ಯನ ಕಡೆಗೆ ಹದಿನೈದು ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿಗೇ ಅದನ್ನು ಕಳಿಸಬೇಕು ಎಂದು ವಾದಿಸಿದವರಲ್ಲಿ ರಾಯರು ಮುಖ್ಯರು. ಯೋಜನೆ ಹಿಗ್ಗಿತು, ಉಪಕರಣಗಳು ಏಳಾದವು, ತಡವೂ ಆಯಿತು. 2023ರ ಸೆಪ್ಟೆಂಬರ್ 2ರಂದು ಪಿಎಸ್‌ಎಲ್‌ವಿಯೇ ಆದಿತ್ಯ-ಎಲ್1 ನೌಕೆಯನ್ನು ಹೊತ್ತೊಯ್ದಿತು. 2024ರ ಜನವರಿ 6ರಂದು ನೌಕೆ ತನ್ನ ಜಾಗ ಸೇರಿತು. ಅದರ ಏಳು ಉಪಕರಣಗಳಲ್ಲಿ ಆಸ್ಪೆಕ್ಸ್ ಎಂಬುದನ್ನು ಕಟ್ಟಿದ್ದು ಅಹಮದಾಬಾದಿನ ಅದೇ ಭೌತ ಸಂಶೋಧನಾ ಪ್ರಯೋಗಾಲಯ. ಸೌರಮಾರುತದ ಕಣಗಳು ಯಾವ ದಿಕ್ಕಿನಿಂದ, ಯಾವ ವೇಗದಲ್ಲಿ, ಎಷ್ಟು ಬರುತ್ತಿವೆ ಎಂದು ಎಣಿಸುವುದು ಅದರ ಕೆಲಸ.